ನಲವತ್ತು ಮನೆಯ ಅಂಗಿ

ಮೊಮ್ಮಗಳು ಹುಟ್ಟಿದ ಸುದ್ದಿ ಗುಲಾಬಿಗೆ ತಲುಪಿದ್ದು ತಮ್ಮ ಹೋಟೆಲಿನ ಅಡುಗೆಮನೆಯಲ್ಲಿ. ನೀರುದೋಸೆಯ ಹಿಟ್ಟು ಹದಕ್ಕೆ ಬಂತೋ ಇಲ್ಲವೋ ಎಂದು ಸೌಟಿನಲ್ಲಿ ಎತ್ತಿ ನೋಡುತ್ತಿದ್ದಳು. ಫೋನಿನಲ್ಲಿ ಅಳಿಯ ಎಮ್ರೆ ಮೊದಲು ಹೇಳಿದ್ದು, "ಉಸಿರಾಡ್ತಿದೆ" ಎಂದು. ಹೆಣ್ಣು ಎಂಬುದನ್ನು ಆಮೇಲೆ ಹೇಳಿದ. ದಿನ ತುಂಬುವ ಮೊದಲೇ ಹುಟ್ಟಿದೆ, ತೂಕ ಕಡಿಮೆ, ಕೆಲವು ವಾರ ಆಸ್ಪತ್ರೆಯ ಐಸಿಯುನಲ್ಲೇ ಇಡುತ್ತಾರೆ ಎಂದ. ಅಷ್ಟರಲ್ಲಿ ಮಗಳು ಅಮಿತಾ ಅವನ ಕೈಯಿಂದ ಫೋನ್ ತೆಗೆದುಕೊಂಡಳು.

"ಅಮ್ಮ, ಲಿಸನ್. ಯಾರೂ ಏನೂ ತರೋದು ಬೇಡ. ನೋ ಗಿಫ್ಟ್ಸ್. ಒಂದು ಸಾಕ್ಸ್ ಕೂಡ ಬೇಡ. ಎಮ್ರೆಯ ಅಮ್ಮನಿಗೂ ಹೇಳಿ ಆಗಿದೆ."

"ಆಯ್ತು ಮಗಾ," ಎಂದಳು ಗುಲಾಬಿ.

ಮಗಳು ಹಾಗೆ ಹೇಳಿದ್ದಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಅವಳಿಗೊಂದು ಗಂಡುಮಗು ಹುಟ್ಟಿತ್ತು. ಅಮಿತಾ ಮತ್ತು ಎಮ್ರೆ ಇರುವುದು ಅಮೆರಿಕದ ಜರ್ಸಿ ಸಿಟಿಯಲ್ಲಿ, ಹೊಳೆಯ ದಡದ ಎತ್ತರದ ಕಟ್ಟಡವೊಂದರಲ್ಲಿ. ಎಮ್ರೆಯ ಕಡೆಯವರು ಟರ್ಕಿಯಿಂದ ಬಂದು ಹತ್ತಿರದ ಪ್ಯಾಟರ್ಸನ್‌ನಲ್ಲಿ ನೆಲೆ ನಿಂತವರು. ಮಗು ಹುಟ್ಟಿದ ವಾರದಲ್ಲಿ ಅವರೆಲ್ಲ ದಂಡುಕಟ್ಟಿಕೊಂಡು ಬಂದಿದ್ದರು. ಬಾಣಂತಿಯನ್ನು ನೋಡಲು ಬಂದವರಿಗೆ ಲವಂಗ ಚಕ್ಕೆ ಹಾಕಿದ ಕೆಂಪು ಪಾನಕ ಕೊಡುವುದು ಅವರ ಪದ್ಧತಿ. ಬಂದವರು ಮಗುವಿನ ಮುಖ ನೋಡಿ, ಕೆಂಪು ರಿಬ್ಬನ್ ಕಟ್ಟಿದ ಚಿನ್ನದ ಪುಟ್ಟ ನಾಣ್ಯವನ್ನು ಅದರ ಬಟ್ಟೆಗೆ ಪಿನ್ನಿನಿಂದ ಚುಚ್ಚುತ್ತಿದ್ದರು. ದೃಷ್ಟಿ ತಾಗದಂತೆ ನೀಲಿ ಮಣಿ, ಕೈಯಿಂದ ಹೆಣೆದ ತೋಳಿಲ್ಲದ ಸ್ವೆಟರುಗಳು, ಬೆರಳುದ್ದದ ಕಾಲುಚೀಲಗಳು. ತೊಟ್ಟಿಲು ಮಾತ್ರ ಹೆಣ್ಣಿನ ತವರಿನಿಂದ ಬರಬೇಕು ಎಂದಿದ್ದಳು ಎಮ್ರೆಯ ತಾಯಿ ನೆರ್ಮಿನ್. ನಮ್ಮಲ್ಲಿಯೂ ಹಾಗೇ ಎಂದು ಗುಲಾಬಿ ಹಿಗ್ಗಿ, ಮರದ ತೊಟ್ಟಿಲು ಕೊಂಡು, ಬೆಳ್ಳಿಯ ಉಡಿದಾರವನ್ನೂ ಕೊಟ್ಟಿದ್ದಳು. ಮಗುವಿಗೆ ಡೆನಿಜ್ ಎಂದು ಹೆಸರಿಟ್ಟಿದ್ದರು. ಹಾಗೆಂದರೆ ಕಡಲು. ಕುಂದಾಪುರದ ಕಡಲು ನೋಡಿ ಬೆಳೆದ ಗುಲಾಬಿಗೆ ಆ ಹೆಸರು ಒಪ್ಪಿತ್ತು.

ಎರಡು ವಾರ ತುಂಬುವ ಮೊದಲೇ ಮಗು ಹೋಯಿತು. ಹೃದಯದಲ್ಲಿ ದೋಷವಿತ್ತು, ಹುಟ್ಟಿದಾಗ ಯಾರಿಗೂ ತಿಳಿದಿರಲಿಲ್ಲ. ಕೊಟ್ಟ ಉಡುಗೊರೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಯಾರೂ ಒಪ್ಪಲಿಲ್ಲ. ಅವೆಲ್ಲ ಅಮಿತಾಳ ಬಟ್ಟೆಯ ಕಪಾಟು ಸೇರಿದವು. ಬಾಗಿಲು ಮುಚ್ಚಿದರೂ ಮುಚ್ಚದಂತೆ ಆ ಗಂಟುಗಳು ಅವಳ ಹಾಸಿಗೆಯ ಪಕ್ಕದಲ್ಲೇ ಇದ್ದವು.

ಗುಲಾಬಿಯ ಮನೆ ಇರುವ ಈಸ್ಟ್ ಬ್ರನ್ಸ್‌ವಿಕ್‌ನ ಕನ್ನಡದವರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅಮಿತಾ ಟರ್ಕಿಯ ಹುಡುಗನನ್ನು ಮದುವೆಯಾದಾಗಲೇ ಸಾಕಷ್ಟು ಮಾತಾಗಿತ್ತು. ಬಸುರಿಯಾದಾಗ ಗುಲಾಬಿಯ ಗಂಡ ಸುಧಾಕರ, "ತೊಟ್ಟಿಲಿಗೆ ಹಾಕುವ ದಿನ ಎಲ್ಲರನ್ನೂ ಕರೆದು ಊಟ ಹಾಕುವ. ಅಲ್ಲಿವರೆಗೆ ಯಾರ ಹತ್ರವೂ ಬಾಯಿ ಬಿಡುವುದು ಬೇಡ" ಎಂದಿದ್ದ. ತೊಟ್ಟಿಲಿಗೆ ಹಾಕುವ ದಿನ ಬರಲಿಲ್ಲ. ಬಾಯಿ ಬಿಡುವ ದಿನವೂ ಬರಲಿಲ್ಲ. ದೀಪಾವಳಿಯಲ್ಲೋ ರಾಜ್ಯೋತ್ಸವದಲ್ಲೋ ಯಾರಾದರೂ, "ಅಮಿತಾಗೆ ಏನಾದ್ರೂ ವಿಶೇಷ ಉಂಟಾ?" ಎಂದು ಕೇಳಿದರೆ ಗುಲಾಬಿ ನಗುತ್ತ, "ಈಗಿನವರಿಗೆ ಕೆಲಸವೇ ಮಕ್ಕಳು ಅಲ್ವಾ" ಎನ್ನುತ್ತಿದ್ದಳು. ಹೇಳಿ ಹೇಳಿ ಆ ಮಾತು ಅವಳಿಗೆ ಬಾಯಿಪಾಠವಾಗಿಬಿಟ್ಟಿತ್ತು. ಒಮ್ಮೆ ಅಮಿತಾಳ ಎದುರೇ ಹಾಗೆ ಹೇಳಿದಳು. ಅಂದಿನಿಂದ ಅಮಿತಾ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಬರುವುದನ್ನು ಬಿಟ್ಟಳು. ತಾಯಿಯ ಫೋನಿಗೆ ಹೂಂ, ಉಹೂಂ ಬಿಟ್ಟರೆ ಹೆಚ್ಚು ಮಾತಿರಲಿಲ್ಲ.

ಈ ಸಲ ಮಗು ಹುಟ್ಟಿದ ನಾಲ್ಕೈದು ದಿನಕ್ಕೆ ನೆರ್ಮಿನ್ ತಾನಾಗಿ ಗುಲಾಬಿಯ ಮನೆಗೆ ಬಂದಳು. ವಿಧವೆ, ಎತ್ತರದ ಆಳು, ಮಾತು ಕಡಿಮೆ. ಗಂಡ ಇಟ್ಟಿದ್ದ ಬ್ರೆಡ್ಡಿನ ಅಂಗಡಿಯನ್ನು ಈಗ ಕಿರಿಯ ಮಗ ನೋಡಿಕೊಳ್ಳುತ್ತಿದ್ದ. ಬೀಗಿತ್ತಿಯರಿಬ್ಬರೂ ಮಾತಾಡುವುದು ಇಂಗ್ಲಿಷಿನಲ್ಲಿ, ಇಬ್ಬರದೂ ಹರಕು ಇಂಗ್ಲಿಷ್. ಗುಲಾಬಿಯನ್ನು ಅವಳು ಗುಲ್ ಎಂದು ಕರೆಯುತ್ತಿದ್ದಳು. ಅವಳ ಭಾಷೆಯಲ್ಲಿಯೂ ಅದು ಹೂವಿನ ಹೆಸರೇ.

"ಗುಲ್, ಅವಳು ಉಡುಗೊರೆ ಬೇಡ ಅಂದಳು. ಸರಿ, ತರುವುದಿಲ್ಲ," ಎಂದಳು ನೆರ್ಮಿನ್, ಚಹಾದ ಲೋಟವನ್ನು ಮುಟ್ಟದೆ. "ಆದರೆ ನಮ್ಮ ತಾಯಿಯ ಹಳ್ಳಿಯಲ್ಲಿ ಇನ್ನೊಂದಿದೆ. ಮೊದಲ ಮಗು ನಿಲ್ಲದೆ ಹೋದ ಮನೆಯಲ್ಲಿ ಎರಡನೆಯದಕ್ಕೆ ಹೊಸ ಬಟ್ಟೆ ತೊಡಿಸುವುದಿಲ್ಲ. ಅಜ್ಜಿಯರು ನಲವತ್ತು ಮನೆಗೆ ಹೋಗಿ ಒಂದೊಂದು ತುಂಡು ಹಳೆಯ ಬಟ್ಟೆ ಬೇಡುತ್ತಾರೆ. ಅದನ್ನೆಲ್ಲ ಸೇರಿಸಿ ಒಂದು ಅಂಗಿ ಹೊಲಿಯುತ್ತಾರೆ. ಆಗ ಮಗು ಒಂದು ಮನೆಯದಲ್ಲ, ನಲವತ್ತು ಮನೆಯದು. ಅಷ್ಟು ಮನೆಯಿಂದ ಕಿತ್ತುಕೊಂಡು ಹೋಗುವುದು ಸುಲಭ ಅಲ್ಲ."

"ನೀನು ಇದನ್ನು ನಂಬ್ತೀಯಾ?"

"ನಂಬಿಕೆ ಗೊತ್ತಿಲ್ಲ. ಸುಮ್ಮನೆ ಕೂತಿರಲಿಕ್ಕೆ ಆಗುತ್ತಿಲ್ಲ." ನೆರ್ಮಿನ್ ತನ್ನ ಚೀಲದಿಂದ ಒಂದು ಕಟ್ಟು ತೆಗೆದಳು. ಬಣ್ಣ ಬಣ್ಣದ ಅಂಗೈಯಗಲದ ತುಂಡುಗಳು. "ಇಪ್ಪತ್ತು ಮನೆ ನನ್ನ ಕಡೆಯಿಂದ ಆಯಿತು. ಇನ್ನಿಪ್ಪತ್ತು ನಿನ್ನ ಕಡೆಯಿಂದ ಬರಬೇಕು. ಕೊಂಡು ತರುವ ಹಾಗಿಲ್ಲ, ಫೋನಿನಲ್ಲಿ ಕೇಳುವ ಹಾಗಿಲ್ಲ. ಬಾಗಿಲಿಗೆ ಹೋಗಿ, ಯಾಕೆಂದು ಹೇಳಿ ಬೇಡಬೇಕು."

ಯಾಕೆಂದು ಹೇಳಿ. ಆ ಮಾತೇ ಗುಲಾಬಿಯನ್ನು ತಡೆದದ್ದು. ಇವಳಿಗೇನು, ಪ್ಯಾಟರ್ಸನ್‌ನವರೆಲ್ಲ ಡೆನಿಜ್‌ನ ಮುಖ ನೋಡಿದವರು, ಅವನನ್ನು ಮಣ್ಣು ಮಾಡುವಾಗಲೂ ಬಂದವರು.

ಸುಧಾಕರ ವಿಷಯ ಕೇಳಿ ಊಟದ ತಟ್ಟೆ ಬಿಟ್ಟು ಎದ್ದ. "ದಿನಕ್ಕೆ ಇನ್ನೂರು ಜನಕ್ಕೆ ಎಲೆ ಹಾಕುವ ಮನೆ ಇದು. ನೀನು ಮನೆಮನೆಗೆ ಹೋಗಿ ಚಿಂದಿ ಬೇಡ್ತಿಯಾ? ಅದೂ ಸತ್ತದ್ದನ್ನು ಹೇಳಿಕೊಂಡು?"

"ಸತ್ತದ್ದಲ್ಲ. ಅವನಿಗೆ ಹೆಸರಿತ್ತು," ಎಂದಳು ಗುಲಾಬಿ. ಹಾಗೆ ಅಂದದ್ದು ಅವಳಿಗೇ ಆಶ್ಚರ್ಯವಾಯಿತು.

"ಜನ ಎಂತ ಹೇಳ್ತಾರೆ ಗೊತ್ತುಂಟಾ? ಎರಡು ವರ್ಷ ನಮ್ಮ ಹತ್ರ ಸುಳ್ಳು ಹೇಳಿದ್ರು ಅಂತ ಹೇಳ್ತಾರೆ."

"ಹೇಳಿದ್ದು ಹೌದಲ್ವಾ ಹಾಗಾದ್ರೆ."

ಸುಧಾಕರ ಕೈ ತೊಳೆದು ಮಹಡಿ ಹತ್ತಿದ. ಆಮೇಲೆ ಆ ಮಾತು ಎತ್ತಲಿಲ್ಲ, ಅವಳನ್ನು ತಡೆಯಲೂ ಇಲ್ಲ.

ಮರುದಿನ ಗುಲಾಬಿ ಕಾರು ತೆಗೆದಳು. ನೆರ್ಮಿನ್ ಪಕ್ಕದಲ್ಲಿ ಕೂತಳು. ಮೊದಲ ಮನೆ ದೀಕ್ಷಿತಾಳದ್ದು. ಸಂಘದಲ್ಲಿ ಮಕ್ಕಳಿಗೆ ಡಾನ್ಸ್ ಕಲಿಸುವ, ಚಟಪಟನೆ ಮಾತಾಡುವ ಮಂಗಳೂರಿನ ಹುಡುಗಿ. ಬಾಗಿಲು ತೆಗೆದವಳೇ, "ಆಂಟಿ, ಹೋಟೆಲಲ್ಲಿ ಹೇಳಿದ್ರು, ಅಮಿತಾಗೆ ಹೆಣ್ಣಂತೆ ಅಲ್ವಾ? ಗಿಫ್ಟ್ ರಿಜಿಸ್ಟ್ರಿ ಎಲ್ಲುಂಟು, ಎಂತೆಲ್ಲ ಬೇಕು ಅಂತ ಲಿಂಕ್ ಕಳಿಸಿ" ಎಂದಳು. ಗುಲಾಬಿ, ಎಮ್ರೆಯ ಮನೆಯವರ ಒಂದು ಶಾಸ್ತ್ರ, ಕೌದಿಯ ಹಾಗೆ ಎಂತದೋ ಹೊಲಿಯುತ್ತಾರೆ, ಒಂದು ತುಂಡು ಬಟ್ಟೆ ಬೇಕಿತ್ತು ಎಂದಳು. ದೀಕ್ಷಿತಾ ಒಳಗೆ ಹೋಗಿ, ಬಾಗಿನಕ್ಕೆಂದು ಇಟ್ಟಿದ್ದ ಹೊಸ ರವಿಕೆ ಕಣ ತಂದು ಅರಿಸಿನ ಕುಂಕುಮದ ಜೊತೆ ಕೊಟ್ಟಳು.

ಕಾರಿನಲ್ಲಿ ನೆರ್ಮಿನ್ ಆ ಕಣವನ್ನು ಮುಟ್ಟಿ ನೋಡಿದಳು. "ಹೇಳಿದೆಯಾ?"

ಗುಲಾಬಿ ಸ್ಟಿಯರಿಂಗ್ ನೋಡುತ್ತ ಕೂತಳು.

"ಹಾಗಾದರೆ ಇದು ಲೆಕ್ಕಕ್ಕಿಲ್ಲ, ಗುಲ್. ಕೊಡುವವರಿಗೆ ಯಾಕೆ ಕೊಡುತ್ತಿದ್ದೇನೆ ಎಂದು ಗೊತ್ತಿರಬೇಕು. ಇಲ್ಲದಿದ್ದರೆ ಅಂಗಡಿಯಿಂದ ತಂದರೂ ಆಗುತ್ತಿತ್ತು."

ಗುಲಾಬಿಗೆ ಸಿಟ್ಟು ಬಂತು. ಇವಳು ಯಾರು ನನಗೆ ಹೇಳಲು ಎನಿಸಿತು. ಕಾರು ಹೊರಡಿಸಿ ಮನೆಗೆ ಹೋಗಿಬಿಡಲೇ ಎನಿಸಿತು. ಬೀದಿಯ ಅಂಚಿನಲ್ಲಿ ಹಳೆಯ ಹಿಮ ಕಪ್ಪಾಗಿ ಬಿದ್ದಿತ್ತು. ಗಾಜಿನ ಪೆಟ್ಟಿಗೆಯೊಳಗೆ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದ ಕೂಸು ನೆನಪಾಯಿತು; ಅದರ ಮುಷ್ಟಿ ಒಂದು ಗೇರುಬೀಜಕ್ಕಿಂತ ತುಸು ದೊಡ್ಡದಿರಬಹುದು. ಅವಳು ಕಾರಿನಿಂದ ಇಳಿದು ಮತ್ತೆ ಗಂಟೆ ಒತ್ತಿದಳು.

"ದೀಕ್ಷಿತಾ, ನಾನು ಸರಿಯಾಗಿ ಹೇಳಲಿಲ್ಲ. ಅಮಿತಾಗೆ ಇದು ಎರಡನೆಯದು. ಮೊದಲು ಒಂದು ಗಂಡು ಆಗಿತ್ತು. ಡೆನಿಜ್ ಅಂತ ಹೆಸರು. ಉಳಿಲಿಲ್ಲ."

ದೀಕ್ಷಿತಾಳ ಮುಖದ ನಗು ಹಾಗೇ ನಿಂತು, ನಿಧಾನವಾಗಿ ಇಳಿಯಿತು. ಅವಳು ಒಳಗೆ ಹೋದಳು. ಕತ್ತರಿ ಹುಡುಕುವ ಸದ್ದು ಕೇಳಿಸಿತು. ಮಗನ ಡೈನೋಸಾರ್ ಚಿತ್ರದ ಹಳೆಯ ಪೈಜಾಮದಿಂದ ಕತ್ತರಿಸಿದ ಚೌಕವೊಂದನ್ನು ತಂದು ಗುಲಾಬಿಯ ಅಂಗೈಯಲ್ಲಿಟ್ಟು, ಆ ಅಂಗೈಯನ್ನೇ ಸ್ವಲ್ಪ ಹೊತ್ತು ಹಿಡಿದುಕೊಂಡಳು.

ಮೊದಲ ಮನೆ ದಾಟಿದ ಮೇಲೆ ಸುಲಭವಾಯಿತು ಎಂದೇನಿಲ್ಲ. ಪ್ರತಿ ಬಾಗಿಲಲ್ಲೂ ಅದೇ ನಾಲ್ಕು ಮಾತನ್ನು ಹೊಸದಾಗಿ ಹೇಳಬೇಕಿತ್ತು. ಕೆಲವರು ಅತ್ತರು. ಕೆಲವರು ಒಂದು ಮಾತೂ ಆಡದೆ ಬಟ್ಟೆ ಕೊಟ್ಟು ಬಾಗಿಲು ಮುಚ್ಚಿದರು. ಸಂಘದಲ್ಲಿ ಯಾವಾಗಲೂ ಅವಳ ಪಕ್ಕದಲ್ಲೇ ಕೂರುತ್ತಿದ್ದ ಒಬ್ಬಾಕೆ ಕಾರಿನಲ್ಲಿದ್ದ ನೆರ್ಮಿನ್ ಕಡೆ ನೋಡಿ, "ಅವರ ಕಡೆ ಮಾಟಮಂತ್ರಕ್ಕೆಲ್ಲ ನಮ್ಮನೆ ಬಟ್ಟೆ ಕೊಡೋಕಾಗಲ್ಲ, ತಪ್ಪು ತಿಳ್ಕೋಬೇಡಿ" ಎಂದಳು. ಗುಲಾಬಿ ತಪ್ಪು ತಿಳಿದಳು. ಕಾರಿಗೆ ಬಂದು, "ಅವರು ಮನೆಯಲ್ಲಿಲ್ಲ" ಎಂದಳು. ಆ ಮನೆಯ ಹಾಲ್‌ನಲ್ಲಿ ಟೀವಿ ಓಡುತ್ತಿದ್ದುದು ನೆರ್ಮಿನ್‌ಗೂ ಕಾಣುತ್ತಿತ್ತು.

ವೆಸ್ಟ್ ವಿಂಡ್ಸರ್‌ನಲ್ಲಿ ಡಾಕ್ಟರ್ ಅಮರೇಶ್ವರರ ತಾಯಿ ಕಮಲವ್ವ ಇದ್ದರು. ಎಂಬತ್ತರ ಹತ್ತಿರದ ಗದಗಿನ ಮುದುಕಿ. ಬೀಗಿತ್ತಿಯರಿಬ್ಬರನ್ನೂ ಒಳಗೆ ಕೂರಿಸಿಕೊಂಡು, ಗುಲಾಬಿ ಹೇಳುತ್ತಿದ್ದಂತೆ ಅವರು ತಲೆಯಾಡಿಸುತ್ತ ಕೂತರು.

"ನಮ್ಮ ಕಡೀನೂ ಐತವ್ವಾ ಇದು. ನಮ್ಮಣ್ಣನ ಹೆಸರು ತಿಪ್ಪಣ್ಣ. ಯಾಕ ಗೊತ್ತೇನು? ಅವನಕಿಂತ ಮದ್ಲ ಮೂರು ಹೋಗಿದ್ವು. ಇವ ಹುಟ್ಟಿದ ಕೂಡ್ಲೆ ನಮ್ಮವ್ವ ಕಾಳು ಕೇರೋ ಮರದಾಗ ಮಲಗಿಸಿ ತಿಪ್ಪಿ ಮ್ಯಾಲೆ ಇಟ್ಟು ಬಂದ್ಲಂತ. ಮಗ್ಗಲ ಮನಿಯಾಕಿ ಎತ್ಕೊಂಡು ಬಂದು, ನನ್ನ ಕೂಸು ಇದು, ಒಂದು ಸೇರು ನುಚ್ಚು ಕೊಟ್ರ ಕೊಡ್ತೀನಿ ಅಂದ್ಲಂತ. ನುಚ್ಚು ಕೊಟ್ಟು ಕೊಂಡ್ಕೊಂಡ್ರು." ಕಮಲವ್ವ ತಮ್ಮ ಇಳಕಲ್ ಸೀರೆಯ ಸೆರಗಿನ ತುದಿಯನ್ನು ಹಿಡಿದು ಪರ್ರನೆ ಹರಿದರು. ಸೊಸೆ ಅಯ್ಯೋ ಎಂದಳು. "ಸುಮ್ನಿರು. ಇದನ್ನ ಉಟ್ಟಾಕಿ ಎಂಬತ್ತು ವರ್ಷ ಬದುಕ್ಯಾಳ. ಹಾಕ್ರಿ ಅಂಗಿಗೆ."

ನೆರ್ಮಿನ್‌ಗೆ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಗುಲಾಬಿಗೆ ಸಾಕೋ ಸಾಕಾಯಿತು. ನೆರ್ಮಿನ್ ಎದ್ದು ಮುದುಕಿಯ ಕೈಯನ್ನು ತುಟಿಗೆ ಮುಟ್ಟಿಸಿ ಹಣೆಗೆ ಒತ್ತಿಕೊಂಡಳು.

ಅದೇ ವಾರ ಒಂದು ಸಂಜೆ ಸುಧಾಕರ ಹೋಟೆಲಿನಿಂದ ಬಂದು ಮೇಜಿನ ಮೇಲೆ ನೀಲಿ ಚೌಕಳಿಯ ಒಂದು ತುಂಡು ಇಟ್ಟ. "ಜಯರಾಮುವಿನ ಲುಂಗಿಯದ್ದು," ಎಂದ. ಜಯರಾಮು ಅವರ ಹೋಟೆಲಿನ ಅಡುಗೆಯವನು, ಇಪ್ಪತ್ತು ವರ್ಷದಿಂದ ಜೊತೆಗಿದ್ದವನು. "ಅವನ ಮನೆಗೆ ಹೋಗಿಯೇ ಕೇಳಿದ್ದು."

"ಎಂತ ಹೇಳಿ ಕೇಳಿದಿರಿ?"

"ನೀನು ಹೇಳಿದ ಹಾಗೇ ಹೇಳಿದೆ." ಸುಧಾಕರ ಜಾಕೆಟ್ ಬಿಚ್ಚಲಿಲ್ಲ, ಕೂರಲೂ ಇಲ್ಲ. "ಹೆಸರು ಹೇಳುವಾಗ ನಾಲಿಗೆ ಹೊರಳಲಿಲ್ಲ ಮಾರಾಯ್ತಿ." ಅಷ್ಟು ಹೇಳಿ ಮತ್ತೆ ಹೊರಗೆ ಹೋಗಿ, ಅಂಗಳದ ಹಿಮವನ್ನು ಅಗತ್ಯವಿಲ್ಲದಿದ್ದರೂ ಸಲಿಕೆಯಿಂದ ಎತ್ತಿ ಹಾಕತೊಡಗಿದ.

ಗುಲಾಬಿ ಬೇಕೆಂದೇ ಬಿಟ್ಟ ಮನೆ ಒಂದಿತ್ತು. ಅದು ಎರಡು ಬೀದಿ ಆಚೆಗಿನ ಹಂಸಾಳದ್ದು. ಮೈಸೂರಿನವಳು, ಈ ದೇಶಕ್ಕೆ ಬಂದಾಗಿನಿಂದ ಗುಲಾಬಿಯ ಗೆಳತಿ. ಹೋದ ಚಳಿಗಾಲದಲ್ಲಿ ಅವಳ ಒಬ್ಬನೇ ಮಗ ಯಶ್ ಟರ್ನ್‌ಪೈಕ್‌ ಹೆದ್ದಾರಿಯಲ್ಲಿ ಕಾರು ಜಾರಿ ತೀರಿಕೊಂಡಿದ್ದ. ಆಗ ಗುಲಾಬಿ ದಿನವೂ ಅನ್ನ ಸಾರು ಹೊತ್ತು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಹಂಸಾ ಅವಳ ಕೈ ಕೊಡವಿ, "ನಿನಗೆ ಗೊತ್ತಾಗಲ್ಲ ಗುಲಾಬಿ. ನಿಮ್ಮನೇಲಿ ಯಾರೂ ಹೋಗಿಲ್ಲ" ಎಂದಿದ್ದಳು. ಗುಲಾಬಿ ಸುಮ್ಮನಿದ್ದಳು. ಡೆನಿಜ್ ಹೋಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ.

ಈಗ ಆ ಬಾಗಿಲಿಗೆ ಹೇಗೆ ಹೋಗುವುದು? ಇನ್ನೊಂದು ಯೋಚನೆಯೂ ಇತ್ತು, ಅದನ್ನು ಅವಳು ತನಗೆ ತಾನೇ ಹೇಳಿಕೊಳ್ಳಲೂ ಹೆದರುತ್ತಿದ್ದಳು. ಮಗ ಹೋದ ಮನೆಯ ಬಟ್ಟೆ.

ಹಂಸಾಳೇ ಫೋನ್ ಮಾಡಿದಳು. "ಊರೆಲ್ಲಾ ಸುತ್ತಿದ್ದೀಯಂತೆ. ವಾಟ್ಸಾಪಲ್ಲಿ ಎಲ್ಲರೂ ಹೇಳ್ತಿದ್ದಾರೆ. ನಮ್ಮನೆಗೆ ಮಾತ್ರ ಬರ್ಲಿಲ್ಲ."

ಗುಲಾಬಿ ಒಬ್ಬಳೇ ನಡೆದು ಹೋದಳು. ಹಂಸಾ ಬಾಗಿಲು ತೆಗೆದಳು, ಕೂರು ಎನ್ನಲಿಲ್ಲ.

"ಕೇಳು. ಎಲ್ಲರ ಹತ್ರ ಕೇಳಿದ ಹಾಗೆ ನನ್ನ ಹತ್ರಾನೂ ಕೇಳು."

ಗುಲಾಬಿ ಹೇಳಿದಳು. ಹಂಸಾ ಎಲ್ಲವನ್ನೂ ಕೇಳಿ, ಯಾವಾಗ ಎಂದು ಮಾತ್ರ ಕೇಳಿದಳು.

"ಹೋದ ವರ್ಷದ ಹಿಂದಿನ ವರ್ಷ. ಚೌತಿಯ ಹೊತ್ತಿಗೆ."

"ಅಂದ್ರೆ ಯಶ್ ಹೋದಾಗ ನೀನು..." ಹಂಸಾ ಸೋಫಾದ ಕಡೆ ಕೈ ತೋರಿಸಿದಳು. "ಅಲ್ಲೇ ಕೂತಿದ್ದೆ. ನಿನಗೇನು ಗೊತ್ತು ಅಂದೆ ನಾನು. ನೀನು ಬಾಯಿ ಬಿಡ್ಲಿಲ್ಲ."

"ಹೇಗೆ ಹೇಳುವುದಿತ್ತು ಹಂಸಾ? ನಿನ್ನದೇ ಅಷ್ಟಿತ್ತು."

"ಹೇಳಿದ್ರೆ ನನ್ನ ದುಃಖ ಕಮ್ಮಿ ಆಗ್ತಿತ್ತು ಅಂತಲ್ಲ. ಜೊತೆ ಇರ್ತಿತ್ತು." ಹಂಸಾಳ ದನಿ ಏರಲಿಲ್ಲ. "ಒಂದು ವರ್ಷ ನಾನು ಈ ಮನೇಲಿ, ಈ ಊರಲ್ಲಿ ನಾನೊಬ್ಬಳೇ ಅಂದ್ಕೊಂಡು ಕೂತಿದ್ದೀನಿ ಗುಲಾಬಿ."

ಗುಲಾಬಿ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಳು.

"ಬಟ್ಟೆ ಕೊಡಲ್ಲ ನಾನು," ಎಂದಳು ಹಂಸಾ. "ಸಿಟ್ಟಿಗಲ್ಲ. ಭಯ. ನಮ್ಮನೆ ಬಟ್ಟೆ ಹಾಕಿ ನಾಳೆ ಆ ಮಗುಗೆ ಏನಾದ್ರೂ ಆದ್ರೆ? ಬೇಡ."

ಹಾಗೇನಿಲ್ಲ, ಕೊಡು ಎಂದು ಗುಲಾಬಿ ಹೇಳಬೇಕಿತ್ತು. ತುಟಿ ತೆರೆದಳು, ಮಾತು ಹೊರಡಲಿಲ್ಲ. ಅವಳಿಗೂ ಅದೇ ಭಯವಿತ್ತು, ಅದು ಮುಖದಲ್ಲಿ ಕಂಡಿರಬೇಕು. ಹಂಸಾ ಅವಳನ್ನು ಅರೆಗಳಿಗೆ ನೋಡಿ, ಹೂಂ ಎಂದು, ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.

ನಲವತ್ತೂ ಸೇರಿದವು. ನೆರ್ಮಿನ್ ಮೂರು ದಿನ ಕೂತು ಕೈಯಲ್ಲೇ ಹೊಲಿದಳು. ಮುಂದೆ ತೆರೆದು ದಾರ ಕಟ್ಟುವಂಥ ಪುಟ್ಟ ಅಂಗಿ, ಹೊಲಿಗೆಗಳು ಮೈಗೆ ಒತ್ತದಂತೆ ಒಳಗೆ ಮೆತ್ತನೆಯ ಹತ್ತಿಯ ಬಟ್ಟೆ. ಬಿಸಿನೀರಿನಲ್ಲಿ ಒಗೆದು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಇಬ್ಬರೂ ಆಸ್ಪತ್ರೆಗೆ ಒಯ್ದರು. ಮಗುವಿನ ಮೂಗಿನ ಕೊಳವೆ ತೆಗೆದಿದ್ದರು. ಬಟ್ಟೆ ತೊಡಿಸಬಹುದು ಎಂದು ನರ್ಸ್ ಹೇಳಿದ್ದಳು. ಅಮಿತಾ ಪೆಟ್ಟಿಗೆಯ ಪಕ್ಕದ ಕುರ್ಚಿಯಲ್ಲಿದ್ದಳು, ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು.

ಚೀಲ ನೋಡಿದ ಕೂಡಲೇ ಅವಳ ಮುಖ ಬಿಗಿಯಿತು. "ಬೇಡ ಅಂದಿದ್ದೆ."

"ಇದು ಉಡುಗೊರೆ ಅಲ್ಲ," ಎಂದಳು ನೆರ್ಮಿನ್. "ಬೇಡಿ ತಂದದ್ದು."

"ಏನೋ ಒಂದು. ಅವನಿಗೆ ಗೋಲ್ಡ್ ಹಾಕಿದ್ರಿ. ಮಣಿ ಹಾಕಿದ್ರಿ. ಅಮ್ಮ, ನೀನು ಸಿಲ್ವರ್ ಉಡಿದಾರ ಹಾಕಿದೆ. ಏನಾಯ್ತು? ಹೇಳಿ, ಏನಾಯ್ತು?"

ನೆರ್ಮಿನ್ ತಲೆ ತಗ್ಗಿಸಿದಳು. ಪೆಟ್ಟಿಗೆಯ ಮೇಲಿನ ಪರದೆಯಲ್ಲಿ ಹಸಿರು ಗೆರೆ ಏರಿಳಿಯುತ್ತಿತ್ತು. ಅಮಿತಾ ಚೀಲವನ್ನು ತಾಯಿಗೆ ಹಿಂದಕ್ಕೆ ಕೊಡಲು ಎತ್ತಿಕೊಂಡವಳು, ಪ್ಲಾಸ್ಟಿಕ್‌ನೊಳಗೆ ಕಂಡ ಡೈನೋಸಾರ್ ನೋಡಿ ತಡೆದಳು.

"ಇದು ಯಾರದು?"

"ದೀಕ್ಷಿತಾಳ ಮಗನ ಪೈಜಾಮ."

"ಅವಳ ಹತ್ರ ಎಂತ ಹೇಳಿ ತಂದೆ?"

"ಇದ್ದದ್ದನ್ನು ಹೇಳಿದೆ."

"ಡೆನಿಜ್ ವಿಷಯ?"

"ಹೌದು."

ಅಮಿತಾ ತಾಯಿಯ ಮುಖವನ್ನು ನೇರವಾಗಿ ನೋಡಿದಳು. ಹಾಗೆ ನೋಡಿ ಬಹಳ ಕಾಲವಾಗಿತ್ತು. "ಹೆಸರು ಹೇಳಿದ್ಯಾ?"

"ಎಲ್ಲ ಮನೆಯಲ್ಲೂ ಹೇಳಿದೆ ಮಗಾ."

"ಅಪ್ಪನಿಗೆ ಗೊತ್ತುಂಟಾ?"

"ಆ ನೀಲಿ ಚೌಕಳಿ ಅಪ್ಪ ತಂದದ್ದು. ಜಯರಾಮುವಿನ ಮನೆಗೆ ಹೋಗಿ ಕೇಳಿದ್ರು."

ಅಮಿತಾ ಚೀಲ ಬಿಚ್ಚಿದಳು. ಅಂಗಿಯನ್ನು ತೊಡೆಯ ಮೇಲೆ ಹರಡಿ ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು, ಇದು ಯಾರದು, ಇದು ಯಾರದು ಎಂದು ಕೇಳುತ್ತ ಹೋದಳು. ಅರ್ಧಕ್ಕೆ ಗುಲಾಬಿ, ಇನ್ನರ್ಧಕ್ಕೆ ನೆರ್ಮಿನ್ ಉತ್ತರ ಹೇಳಿದರು. ಕ್ಷಮಿಸಿದೆ ಎಂಬ ಮಾತು ಬರಲಿಲ್ಲ. ಅಳುವೂ ಬರಲಿಲ್ಲ. ಕೊನೆಗೆ, "ಹಂಸಾ ಆಂಟಿದು ಯಾವುದು?" ಎಂದಳು.

"ಅವಳದ್ದು ಇಲ್ಲ." ಗುಲಾಬಿ ಆದದ್ದನ್ನೆಲ್ಲ ಹೇಳಿದಳು. ತಾನು ಬಾಯಿ ತೆರೆದು ಸುಮ್ಮನಾದದ್ದನ್ನೂ ಬಿಡಲಿಲ್ಲ.

ಅಮಿತಾ ಕೇಳಿಸಿಕೊಂಡಳು. ಆಮೇಲೆ ನರ್ಸನ್ನು ಕರೆದು, ವಯರುಗಳ ನಡುವೆ ಮಗುವಿಗೆ ಅಂಗಿ ತೊಡಿಸುವುದು ಹೇಗೆಂದು ಕೇಳಿದಳು. ಅಂಗಿ ದೊಡ್ಡದಾಯಿತು. ತೋಳುಗಳಲ್ಲಿ ಕೈ ಕಾಣಿಸಲೇ ಇಲ್ಲ.

ಮಗು ಮನೆಗೆ ಬಂತು. ಎದೆಗೆ ಅಂಟಿಸಿದ ಮಾನಿಟರ್ ಜೊತೆಗೇ ಬಂತು. ಅದು ಆಗಾಗ ಸುಳ್ಳುಸುಳ್ಳೇ ಕೂಗಿಕೊಂಡು ಎಲ್ಲರ ಜೀವ ಬಾಯಿಗೆ ತರುತ್ತಿತ್ತು. ಅಮಿತಾ ಮಗುವಿನ ಮೂಗಿನ ಬಳಿ ಕೈ ಹಿಡಿದು ನೋಡುವುದನ್ನು ಬಿಡಲಿಲ್ಲ. ಹೀಗೆ ನಲವತ್ತು ದಿನ ಕಳೆದವು. ಆ ಹೊತ್ತಿಗೆ ಮಗುವನ್ನು ಮೊದಲ ಸಲ ಒಂದು ಮನೆಗೆ ಕರೆದುಕೊಂಡು ಹೋಗಬೇಕು, ಆ ಮನೆಯವರು ಹಣೆಗೆ ಹಿಟ್ಟು ಹಚ್ಚಿ, ಮೊಟ್ಟೆ, ಸಕ್ಕರೆ, ಹತ್ತಿ ಕೊಟ್ಟು ಕಳಿಸಬೇಕು ಎಂದಳು ನೆರ್ಮಿನ್. ಕೂದಲು ಹತ್ತಿಯ ಹಾಗೆ ಬೆಳ್ಳಗಾಗುವ ತನಕ ಬದುಕಲಿ ಎಂದು ಹತ್ತಿ.

"ಹಂಸಾ ಆಂಟಿ ಮನೆಗೆ ಹೋಗೋಣ," ಎಂದಳು ಅಮಿತಾ.

ನೆರ್ಮಿನ್ ಬೆಚ್ಚಿದಳು. "ಮೊದಲ ಮನೆ ನಗುವ ಮನೆ ಆಗಿರಬೇಕು, ಕೂಸೇ."

"ಹಾಗಾದ್ರೆ ನಮ್ಮನೆಗೂ ಯಾರೂ ಬರೋ ಹಾಗಿಲ್ಲ."

ಗುಲಾಬಿ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ ಕೂತು, ಊರಿನ ದೇವರನ್ನೆಲ್ಲ ಒಬ್ಬೊಬ್ಬರಾಗಿ ಕರೆದಳು.

ಹಂಸಾ ಬಾಗಿಲು ತೆರೆದು, ಎದುರಿಗೆ ಮಗುವನ್ನೆತ್ತಿಕೊಂಡ ಅಮಿತಾಳನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದಳು.

"ಇಲ್ಲಿಗ್ಯಾಕೆ ತಂದೆ?"

"ಇದು ಇವಳ ಫಸ್ಟ್ ಔಟಿಂಗ್, ಆಂಟಿ. ಒಳಗೆ ಬರ್ಲಾ?"

ಹಂಸಾ ಗುಲಾಬಿಯ ಕಡೆ ನೋಡಿದಳು. ಗುಲಾಬಿ ಈ ಸಲ ಕಣ್ಣು ತಪ್ಪಿಸಲಿಲ್ಲ. "ನನಗೆ ಇನ್ನೂ ಹೆದರಿಕೆ ಉಂಟು ಹಂಸಾ," ಎಂದಳು. "ಆದ್ರೂ ಬಂದೆ."

ಹಂಸಾ ದಾರಿ ಬಿಟ್ಟಳು. ನೆರ್ಮಿನ್ ಏನೇನು ಕೊಡಬೇಕೆಂದು ಹೇಳಿದಾಗ, ಮೊಟ್ಟೆ ಈ ಮನೆಯಲ್ಲಿ ಎಲ್ಲಿಂದ ಬರಬೇಕು ಎಂದಳು. ದೇವರ ಮುಂದಿನ ತೆಂಗಿನಕಾಯಿ ಆಗುತ್ತದೆಯೇ ಎಂದು ಕೇಳಿದಳು. ಆಗುತ್ತದೆ ಎಂದಳು ನೆರ್ಮಿನ್. ಬತ್ತಿ ಹೊಸೆಯುವ ಹತ್ತಿ ಇತ್ತು. ಅಕ್ಕಿಹಿಟ್ಟನ್ನು ಮಗುವಿನ ಹಣೆಗೆ ಹಚ್ಚುವಾಗ ಹಂಸಾಳ ಬೆರಳಿನಿಂದ ಅದು ಮೂಗಿನ ಮೇಲೆಲ್ಲ ಉದುರಿತು. ಮಗು ಸೀನಿತು. ನಾಲ್ವರು ಹೆಂಗಸರೂ ಉಸಿರು ಬಿಗಿಹಿಡಿದು ಅದು ಮತ್ತೆ ಉಸಿರಾಡುವುದನ್ನು ಕಾದರು.

ಗುಲಾಬಿ ಕಾಫಿ ಮಾಡಲೆಂದು ಅಡುಗೆಮನೆಗೆ ಹೋದಳು. ಆ ಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಎಂದು ಅವಳಿಗೆ ಗೊತ್ತಿತ್ತು. ಹಾಲು ಕಾಯಲಿಟ್ಟು ನಿಂತಾಗ ಹಾಲ್‌ನಿಂದ ಹಂಸಾಳ ಮಾತು ಕೇಳಿಸಿತು.

"ನಿನ್ನ ಮಗ ಹೇಗಿದ್ದ, ಅಮಿತಾ?"

ಅಮಿತಾ ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕನ್ನಡದಲ್ಲಿ ಹೇಳತೊಡಗಿದಳು. ಕೂದಲು ತುಂಬಾ ಇತ್ತು ಆಂಟಿ, ಕಿವಿ ಮೇಲೂ ಇತ್ತು. ಸ್ನಾನ ಅಂದ್ರೆ ಆಗ್ತಿರ್ಲಿಲ್ಲ. ಹಾಲು ಕುಡೀವಾಗ ನನ್ನ ಕಿರುಬೆರಳು ಹಿಡ್ಕೊಳ್ತಿದ್ದ, ಬಿಡಿಸಿದ್ರೆ ಅಳ್ತಿದ್ದ. ಒಂದು ಸಲ ನಿದ್ದೆಯಲ್ಲಿ ನಕ್ಕಿದ್ದ, ಎಮ್ರೆ ನಂಬಲೇ ಇಲ್ಲ.

ಗುಲಾಬಿಗೆ ಇವು ಯಾವುವೂ ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಅವಳು ಮಗಳನ್ನು ಊಟ ಮಾಡಿದೆಯಾ ಎಂದು ಕೇಳಿದ್ದಳು, ನಿದ್ದೆ ಬರುತ್ತದಾ ಎಂದು ಕೇಳಿದ್ದಳು, ಇದೊಂದನ್ನು ಕೇಳಿರಲಿಲ್ಲ. ಹಾಲು ಉಕ್ಕಿ ಬಂತು. ಅವಳು ಒಲೆ ಆರಿಸಿ, ಸದ್ದು ಮಾಡದೆ, ಬಾಗಿಲ ಮರೆಯಲ್ಲಿ ನಿಂತು ಕೇಳಿದಳು.